ಕೆಲ್ಮು

ಉತ್ತರದ ಹಿಮನಾಡಿನ ಕಯಾನಿ ಊರಿನ ಮನೆಗಳಿಗೆಲ್ಲ ಬಿಸಿನೀರು ಕಳಿಸುವ ಸ್ಥಾವರದಲ್ಲಿ ರೈಮೊ ಇಪ್ಪತ್ತಾರು ವರ್ಷದಿಂದ ಉಷ್ಣತೆಯ ಮುಳ್ಳು ಕಾಯುತ್ತಿದ್ದ. ಹಗಲೆಲ್ಲ ಊರನ್ನು ಬೆಚ್ಚಗಿಡುವುದು, ಮನೆಗೆ ಬಂದರೆ ಕಂಪ್ಯೂಟರಿನೊಳಗಿನ ಬಿಸ್ಕತ್ತಿನಷ್ಟಗಲದ ಪ್ರೊಸೆಸರೊಂದನ್ನು ತಣ್ಣಗಿಡಲು ಒದ್ದಾಡುವುದು. ಕಂಪನಿಯವರು ಐದು ಗಿಗಾಹರ್ಟ್ಜ್ ಸಾಕು ಎಂದರೆ ಇವನಿಗೆ ಆರು ಓಡಬೇಕು. ಓಡಲು ವೋಲ್ಟೇಜ್ ಏರಿಸಬೇಕು, ಏರಿಸಿದರೆ ಕಾಯುತ್ತದೆ, ಕಾದರೆ ನಿಂತೇ ಹೋಗುತ್ತದೆ. ಅಷ್ಟು ವೇಗ ಇಟ್ಟುಕೊಂಡು ಏನು ಮಾಡುತ್ತೀಯ ಎಂದು ಹೆಂಡತಿ ಮಾರ್ಯುತ್ ಒಮ್ಮೆ ಕೇಳಿದ್ದಳು. ಹವಾಮಾನ ನೋಡುತ್ತೇನೆ ಎಂದಿದ್ದ. ಪಾಪ, ಅದು ಸುಳ್ಳೂ ಆಗಿರಲಿಲ್ಲ.

ಇಂಥ ಹನ್ನೊಂದು ಜನರ ಕೂಟವೊಂದು ಊರಿನಲ್ಲಿತ್ತು. ವರ್ಷಕ್ಕೊಮ್ಮೆ, ಫೆಬ್ರವರಿಯ ಒಂದು ಶನಿವಾರ, ಎಲ್ಲರೂ ತಂತಮ್ಮ ಯಂತ್ರಗಳನ್ನು ಶಾಲೆಯ ಅಂಗಳದ ಹಿಮದಲ್ಲಿ ಸಾಲಾಗಿಟ್ಟು, ಆ ಪುಕ್ಕಟೆ ಚಳಿಯಲ್ಲಿ ಯಾರದು ಹೆಚ್ಚು ಓಡುತ್ತದೆ ಎಂದು ನೋಡುತ್ತಿದ್ದರು. ಆಮೇಲೆ ಒಳಗೆ ಕಾಫಿ, ಏಲಕ್ಕಿ ಬನ್ನು, ಮತ್ತು ರೈಮೊನ ಕಥೆ.

ಕಥೆ ಮಾರ್ಯುತ್‌ಳ ತಮ್ಮ ಇಲ್ಪೊನದು. ಅವನು ಬಸ್ ಓಡಿಸುವವನು, ಮಾತು ನಿಧಾನ. ಮೂರು ವರ್ಷದ ಹಿಂದೆ ಅವನ ಯಂತ್ರ ಹಿಮದಲ್ಲಿಟ್ಟರೂ ಕುದಿಯುತ್ತಿತ್ತು. ರೈಮೊ ಎಲ್ಲರೆದುರು ಬಿಚ್ಚಿ ನೋಡಿದರೆ, ಶಾಖ ಹೀರಬೇಕಾದ ಕೂಲರಿನ ತಳಕ್ಕೆ ಅಂಗಡಿಯವರು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು. ಅಂಥ ಹಾಳೆಗೆ ಅಲ್ಲಿಯವರು ಕೆಲ್ಮು ಎನ್ನುತ್ತಾರೆ. ಪೋಕರಿಗೂ ಅದೇ ಮಾತು. ಅಂದಿನಿಂದ ಅವನು ಕೆಲ್ಮು-ಇಲ್ಪೊ. ಹೆಸರಿಟ್ಟವನು ರೈಮೊ, ವರ್ಷವರ್ಷವೂ ಇಲ್ಪೊನ ಎಳೆದೆಳೆದು ಆಡುವ ಮಾತನ್ನು ಅಣಕಿಸಿ ಕಥೆ ಹೇಳುತ್ತಿದ್ದವನೂ ಅವನೇ. ಇಲ್ಪೊ ಕಾಫಿಯ ಲೋಟ ನೋಡುತ್ತ ನಗುತ್ತಿದ್ದ.

ಕಳೆದ ಅಕ್ಟೋಬರಿನಲ್ಲಿ ರೈಮೊ ಹೊಸ ಪ್ರೊಸೆಸರ್, ಹೊಸ ಕೂಲರ್ ತಂದ. ವೋಲ್ಟೇಜ್ ಕೂದಲೆಳೆಯಷ್ಟು ಏರಿಸಿದರೂ ಉಷ್ಣತೆ ನೂರರ ಹತ್ತಿರ. ಕುಣಿಯಲಾರದವಳಿಗೆ ನೆಲ ಡೊಂಕು. ಈ ಪ್ರೊಸೆಸರ್ ಚಿಪ್ಪೇ ಹುಟ್ಟಾ ದರಿದ್ರ ಎಂದು ತೀರ್ಮಾನಿಸಿ ಅದನ್ನು ಇಲ್ಪೊನ ಹಳೆಯದರ ಜೊತೆ ಅದಲುಬದಲು ಮಾಡಿಕೊಂಡ. ಹಳೆಯದೂ ಕಾಯಿತು. ಆ ಚಿಪ್ಪುಗಳ ವಂಶವೇ ಬಿಸಿರಕ್ತದ್ದು ಎಂದ.

ಕೂಟದ ಶನಿವಾರ ಬೆಳಿಗ್ಗೆ ಶಾಖ ದಾಟಿಸುವ ಹೊಸ ಪೇಸ್ಟ್ ಹಚ್ಚಲೆಂದು ಕೂಲರ್ ಬಿಚ್ಚಿ ಒರೆಸುವಾಗ ಉಗುರಿಗೆ ಏನೋ ಸಿಕ್ಕಿತು. ಎಳೆದ. ಹಾಳೆ ಬಂತು. ಅಕ್ಟೋಬರಿನಿಂದ ಎರಡು ಸಲ ಅವನು ಶ್ರದ್ಧೆಯಿಂದ ಒರೆಸಿ ಫಳಫಳ ಮಾಡಿದ್ದು ಆ ಹಾಳೆಯನ್ನೇ. ಇಂಗು ತಿಂದ ಮಂಗನಂತೆ ಅಡುಗೆಮನೆಯಲ್ಲಿ ಕುಳಿತುಬಿಟ್ಟ.

"ಏನದು?" ಎಂದಳು ಮಾರ್ಯುತ್.

"ಏನಿಲ್ಲ."

ಅವಳು ಕಿತ್ತುಕೊಂಡು ಬೆಳಕಿಗೆ ಹಿಡಿದು ಓದಿದಳು. "'ಬಳಸುವ ಮುನ್ನ ತೆಗೆಯಿರಿ.' ಆರು ಭಾಷೇಲಿ ಬರ್ದಿದಾರೆ. ಇದ್ರಲ್ಲಿ ಯಾವ್ದು ಓದಕ್ಕೆ ಬರಲ್ಲ ನಿಂಗೆ?"

"ಯಾರಿಗೂ ಹೇಳ್ಬೇಡ ಮಾರಾಯ್ತಿ."

"ನಾನ್ಯಾಕೆ ಹೇಳ್ಲಿ? ಕಥೆ ಹೇಳೋದು ನೀನಲ್ವಾ."

ಅಂಗಳದಲ್ಲಿ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ. ಹಾಳೆ ತೆಗೆದಿದ್ದರೂ ಹಳೆಯ ಚಿಪ್ಪಿನ ರೈಮೊನ ಯಂತ್ರ ಐದೂಮುಕ್ಕಾಲು ಗಿಗಾಹರ್ಟ್ಜ್‌ಗೇ ಏದುಸಿರು ಬಿಟ್ಟಿತು. ಇಲ್ಪೊನದು ಆರೂವರೆ ಮುಟ್ಟಿ ಅಲ್ಲೇ ಸ್ಥಿರವಾಗಿ ಓಡಿತು. ಕೂಟದ ದಾಖಲೆ ಅದು. ಎಲ್ಲರೂ ಬೆನ್ನು ತಟ್ಟಿದಾಗ ಇಲ್ಪೊ ಭಾವನ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಭಾವ, ಇದು ನಿಮ್ದೇ ಚಿಪ್ಪು. ವಾಪಸ್ ತಗೊಂಡ್ಬಿಡಿ. ನಾನೇನೋ ಮೋಸ ಮಾಡಿದಂಗೆ ಅನ್ನಿಸ್ತಿದೆ."

ರೈಮೊ ಇಲ್ಪೊನ ಯಂತ್ರದತ್ತ ನೋಡಿದ. ಹೂಂ ಎಂದರೆ ಚಿಪ್ಪೂ ಸಿಕ್ಕೀತು, ಮಾನವೂ ಉಳಿದೀತು.

"ಬೇಡ, ಇಟ್ಕೊ," ಎಂದು ಗೊಣಗಿ ಒಳಗೆ ನಡೆದ.

ಕಾಫಿ ಬಗ್ಗಿಸುತ್ತಿದ್ದಂತೆ, ಕೂಟದ ಹಿರಿಯ, ನಿವೃತ್ತ ಮೇಷ್ಟ್ರು ಸಕರಿ ಮೇಜು ಕುಟ್ಟಿದರು. "ರೈಮೊ, ಎಲ್ಲಪ್ಪಾ ಕಥೆ?"

ರೈಮೊ ಎದ್ದ. ಕೈ ಜೇಬಿನಲ್ಲಿದ್ದ ಹಾಳೆಯನ್ನು ಹಿಸುಕುತ್ತಿತ್ತು. ಕಥೆ ಶುರುಮಾಡಿದ, ಆದರೆ ಈ ಸಲ ತನ್ನದೇ. ಬಾಲ್ಕನಿಯಲ್ಲಿ ಕಂಬಳಿ ಹೊದ್ದು ವೋಲ್ಟೇಜ್ ತಗ್ಗಿಸಿದ್ದು, ನಿರಪರಾಧಿ ಚಿಪ್ಪಿನ ಜಾತಕ ಬರೆದದ್ದು, ಪ್ಲಾಸ್ಟಿಕ್ಕಿಗೆ ಎರಡು ಸಲ ಅಭ್ಯಂಜನ ಮಾಡಿಸಿದ್ದು, ಒಂದನ್ನೂ ಬಿಡಲಿಲ್ಲ. ಕೊನೆಗೆ ಹಾಳೆ ಎತ್ತಿ ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು. ಸಕರಿ ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆದರು. "ಒಪ್ಕೊಳ್ಳೋಕೂ ಎದೆ ಬೇಕಪ್ಪಾ!" ರೈಮೊನ ಮನಸ್ಸು ಹಗುರಾಯಿತು. ಇಂಥ ಒಳ್ಳೆಯ ಮನುಷ್ಯ ತಾನು ಎಂದು ಅವನಿಗೇ ಗೊತ್ತಿರಲಿಲ್ಲ.

ಇಲ್ಪೊ ಮಾತ್ರ ಕುರ್ಚಿಯಲ್ಲಿರಲಿಲ್ಲ.

ರೈಮೊ ಹೊರಗೆ ಬಂದರೆ ಅವನು ಯಂತ್ರವನ್ನು ಚೀಲದಲ್ಲಿ ಸುತ್ತುತ್ತಿದ್ದ. ಹಾಗೇ ಒಳಗೆ ತಂದರೆ ಬೆಚ್ಚಗಿನ ಗಾಳಿಗೆ ಬೆವರಿ ನೀರಾಗುತ್ತದೆ.

"ಲೋ, ನಗದೇ ಎದ್ದು ಬಂದ್ಬಿಟ್ಯಲ್ಲ. ಇನ್ಮೇಲೆ ಕೆಲ್ಮು ನಾನು. ಸರಿಹೋಯ್ತಲ್ಲ?"

ಇಲ್ಪೊ ಗಂಟು ಹಾಕುತ್ತಲೇ ಹೇಳಿದ. "ಎಲ್ಲಿ ಸರಿಹೋಯ್ತು ಭಾವ? ಹಾಳೆ ಮರೆತಿದ್ದಕ್ಕೆ ನಂಗೆ ಹೆಸ್ರು ಬಿತ್ತು. ನೀವು ಮರೆತ್ರೆ ಚಪ್ಪಾಳೆ ಬಿತ್ತು."

ರೈಮೊ ನಗಲು ನೋಡಿದ. ಆಗಲಿಲ್ಲ.

"ನನ್ ಬಸ್ ಹತ್ತೋ ಸ್ಕೂಲ್ ಮಕ್ಳೂ ಹಂಗೇ ಕರೀತಾವೆ. ಕೆಲ್ಮು, ಬಾಗ್ಲು ತೆಗಿ ಅಂತ. ಅವಕ್ಕೆ ನಿಮ್ ಕಥೆ ಗೊತ್ತಿಲ್ಲ. ನಾನು ಪೋಕರಿ ಅಂತಾನೇ ತಿಳ್ಕೊಂಡಿದಾವೆ."

ನಾಲಿಗೆಯ ತುದಿಗೆ ಒಂದು ತಮಾಷೆ ಬಂತು, ಒಳ್ಳೆಯದೇ. ರೈಮೊ ಅದನ್ನು ನುಂಗಿಕೊಂಡ. ಅವನಿಗೆ ನಾಚಿಕೆಯಾಗಿತ್ತು, ನಿಜವಾದ ನಾಚಿಕೆ.

"ತಪ್ಪಾಯ್ತು ಕಣೋ," ಎಂದ.

ಇಲ್ಪೊ ಯಂತ್ರವನ್ನು ಎದೆಗವಚಿಕೊಂಡು ಎದ್ದ. "ಅದನ್ನ ಒಳಗಡೆ ಹೇಳಿ, ಭಾವ."

ಅವನು ಕಾರಿನ ಕಡೆ ಹೋದ. ರೈಮೊ ವಾಪಸ್ ಬಂದು ಬಾಗಿಲು ತಳ್ಳಿದ. ಎಲ್ಲರ ಮುಖದಲ್ಲೂ ಇನ್ನೂ ನಗು ಇತ್ತು.

"ಬಂದ ಬಂದ! ಇನ್ನೊಂದ್ಸಲ ಹೇಳೋ ರೈಮೊ, ಅಭ್ಯಂಜನದ್ದು!" ಎಂದು ಸಕರಿ ಕೂಗಿದರು.

ರೈಮೊ ಟೋಪಿ ತೆಗೆದ. ನಗಿಸದೆ ಮಾತು ಶುರುಮಾಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.