ಕತ್ತಿ ಅದ್ದಿ ನೋಡಿದ್ದು

ಮೂರನೇ ಸಲವೂ ಬಣ್ಣ ಗುಳ್ಳೆಯೆದ್ದಿತ್ತು. ಯಶಸ್ವಿನಿ ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೆ ಮಂಡಿಯೂರಿ ಕೂತು ಉಗುರಿನಿಂದ ಒಂದು ಗುಳ್ಳೆ ಒಡೆದಳು. ಮೊನ್ನೆಯಷ್ಟೇ ಬಳಿದ ರೆಡಾಕ್ಸೈಡು ಚಕ್ಕೆಯಾಗಿ ಎದ್ದು ಬಂತು. ವಾರವಿಡೀ ಉಜ್ಜಿ ಬೆಳ್ಳಗೆ ಮಾಡಿದ್ದ ತಗಡಿನ ಮೇಲೆ ತುಕ್ಕು ಮತ್ತೆ ಮೊಳೆತಿತ್ತು.

ಅಜ್ಜಿ ಹೇಳುತ್ತಿದ್ದ ಕಥೆಯ ರಾಕ್ಷಸ ನೆನಪಾದ. ಎಷ್ಟು ಕಡಿದರೂ ಸಾಯುವವನಲ್ಲ. ಅವನ ಜೀವ ಏಳು ಕೋಟೆಯಾಚೆ ಒಂದು ಗಿಳಿಯ ಹೊಟ್ಟೆಯಲ್ಲಿ. ಈ ತುಕ್ಕಿನ ಜೀವ ಎಲ್ಲಿ ಅಡಗಿದೆಯೋ!

"ಆಯ್ತೇನೇ ಮಾರಾಯ್ತಿ ನಿನ್ನ ಶೃಂಗಾರ?" ಬೇಲಿಯ ಹತ್ತಿರ ಬೈಕು ನಿಲ್ಲಿಸಿ ಕಾಂತರಾಜ್ ಕೂಗಿದ. ಕೋಣಂದೂರಿನಲ್ಲಿ ಅವನದು ಗುಜರಿ ಅಂಗಡಿ. "ಮುದುಕಿಗೆ ಎಷ್ಟು ಪೌಡರ್ ಹಚ್ಚಿದ್ರೂ ಮುದುಕಿನೇ. ಭಾನುವಾರ ಕ್ರೇನ್ ತರ್ತೀನಿ. ನಿಮ್ಮಪ್ಪಯ್ಯನ ಹತ್ರ ಮಾತಾಡಾಗಿದೆ."

"ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ ಕಾಂತಣ್ಣ. ನಿನ್ನ ಕ್ರೇನಿಗೇ ಸ್ವಲ್ಪ ಪೌಡರ್ ಹಚ್ಕೊಂಡು ಬಾ."

ಅವನು ನಗುತ್ತಾ ಹೋದ. ಅವಳಿಗೆ ನಗು ಬರಲಿಲ್ಲ. ಮನೆಯ ಹಿಂದೆ ಹಸಿರು ಪರದೆಯಡಿ ಅವಳು ಬೆಳೆಸಿದ ಎರಡು ಸಾವಿರ ಕಾಳುಮೆಣಸಿನ ಸಸಿಗಳಿದ್ದವು. ಮೊದಲ ಮಳೆ ಬಿದ್ದ ಕೂಡಲೇ ಈ ಗಾಡಿಯಲ್ಲೇ ಆನಂದಪುರದವರೆಗೂ ತೋಟ ತೋಟಕ್ಕೆ ಮುಟ್ಟಿಸಬೇಕು. "ತಗಡು ಹದಕ್ಕೆ ಬಂದ್ರೆ ಗಾಡಿ ನಿಂದು. ಇಲ್ದಿದ್ರೆ ಗುಜರಿಗೆ" ಎಂದಿದ್ದ ಅಪ್ಪಯ್ಯ, ಚಂದ್ರಯ್ಯ. ಆಮೇಲೆ ಅವನು ಗಾಡಿಯ ಹತ್ತಿರ ಸುಳಿದೇ ಇರಲಿಲ್ಲ.

ಏಳು ವರ್ಷದ ಹಿಂದೆ, ಹೊಸದಾಗಿ ಗಾಡಿ ಕಲಿತ ಹುಮ್ಮಸ್ಸಿನಲ್ಲಿ, ಅವಳು ಶೆಡ್ಡಿನ ಕಂಬಕ್ಕೆ ಗುದ್ದಿದ್ದಳು. ಮಾಡು ಕುಸಿದು ಆ ಮಳೆಗಾಲವಿಡೀ ಪಿಕಪ್ ಹೊರಗೇ ನೆನೆಯಿತು. ತುಕ್ಕು ಕಂಡ ದಿನ ಅಪ್ಪಯ್ಯ, "ಇವ್ಳು ಮಾಡಿದ್ದು ಇದು" ಅಂದ. ನೆಂಟರ ಮುಂದೆಯೂ ಅದೇ ಮಾತು, ಪೇಟೆಯಲ್ಲೂ ಅದೇ ಮಾತು. ಕೊನೆಗೆ ಅವಳೂ ನಂಬಿದ್ದಳು.

ಮಧ್ಯಾಹ್ನ ತೊಟ್ಟಿಯ ಮೂಲೆಯ ತಗಡಿನ ಮಡಿಕೆಗಳಿಗೆ ಪೈಪು ಬಿಟ್ಟು ತೊಳೆದಳು. ಕೆಳಗಿಟ್ಟ ಬಕೆಟ್ಟಿಗೆ ಇಳಿದ ನೀರು ತುಸು ನೀಲಿ ಕಂಡಿತು. ಆಕಾಶದ ನೆರಳಿರಬೇಕು ಅಂದುಕೊಂಡಳು.

ಜಗಲಿಯಲ್ಲಿ ಕೂತು ನೋಡುತ್ತಿದ್ದ ಚಂದ್ರಯ್ಯ ಎದ್ದು ಒಳಗೆ ಹೋದ. ಬರುವಾಗ ಕೈಯಲ್ಲಿ ಉಜ್ಜಿ ಫಳಫಳ ಮಾಡಿದ ಕತ್ತಿಯಿತ್ತು. ಅದರ ಕೆಲಸ ಅವಳಿಗೆ ಗೊತ್ತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಔಷಧಿ ಮಾಡುವಾಗ ಅದನ್ನು ಅದ್ದಿ ನೋಡುವುದು. ಅಲಗು ಕೆಂಪಾದರೆ ತುತ್ತದ ಉರಿ ಇಳಿದಿಲ್ಲ, ಸುಣ್ಣ ಸಾಲದು ಅಂತ.

ಅವನು ಕತ್ತಿಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಡಿದ. ಎತ್ತಿದಾಗ ಅಲಗು ತಾಮ್ರದ ಬಿಂದಿಗೆಯ ಬಣ್ಣಕ್ಕೆ ತಿರುಗಿತ್ತು.

ಗಿಳಿ ಸಿಕ್ಕಿತ್ತು.

"ತುತ್ತದ ನೀರಿನ ಡ್ರಮ್ಮು ತುಳುಕ್ತಿತ್ತು," ಎಂದ, ಕತ್ತಿಗೇ ಹೇಳುವವನ ಹಾಗೆ. "ಮೇಳಿಗೆ ರಸ್ತೆಯ ಏರಿನಲ್ಲಿ, ಪ್ರತಿ ಸಲ. ತಗಡು ತಿಂದಿದ್ದು ಅದೇ. ಟಾರ್ಪಾಲ್ ಹಾಸಿ ಅಂತ ನಿನ್ನಮ್ಮ ಬಾಯಿ ಬಡ್ಕೊಂಡ್ಳು. ನಾನೆಲ್ಲಿ ಕೇಳ್ತೀನಿ?"

"ಯಾವಾಗಿಂದ?"

"ನೀನು ಕಂಬಕ್ಕೆ ಗುದ್ದೋಕೂ ಮುಂಚಿಂದ."

"ನಿಮ್ಗೆ ಗೊತ್ತಿತ್ತಾ ಅಪ್ಪಯ್ಯ?"

ಅವನು ಕತ್ತಿ ಕೆಳಗಿಟ್ಟ. ಪಂಚೆ ಎತ್ತಿ ಕಟ್ಟಿ ಸುಣ್ಣದ ಚೀಲ ಎಳೆದು ತಂದ. ಅವಳಿಗೆ ಕೂಗಬೇಕೆನಿಸಿತು. ಏಳು ವರ್ಷ! ಆದರೆ ಅವನಾಗಲೇ ತೊಟ್ಟಿಯೊಳಗೆ ಹತ್ತಿ, ಬಗ್ಗಿ, ಮಡಿಕೆ ಮಡಿಕೆಗೂ ಸುಣ್ಣದ ತಿಳಿ ಸುರಿಯುತ್ತಿದ್ದ. ಅವಳು ಪೈಪು ಹಿಡಿದಳು. ಮತ್ತೆ ಅದ್ದಿದಾಗಲೂ ಕತ್ತಿ ಕೆಂಪೇ. ಕತ್ತಿ ಉಜ್ಜಿ, ಮಡಿಕೆಗೆ ಸುಣ್ಣ ಬಿಟ್ಟು, ಪುನಃ ತೊಳೆದರು.

ಸಂಜೆ ಅದೇ ದಾರಿಯಲ್ಲಿ ವಾಪಸಾಗುತ್ತಿದ್ದ ಕಾಂತರಾಜ್ ಬೈಕು ನಿಲ್ಲಿಸಿದ. "ಎಂತ ಚಂದ್ರಯ್ಯನೋರೆ, ಮಗಳ ಹುಚ್ಚು ನಿಮ್ಗೂ ಹತ್ತಿತಾ?"

ಚಂದ್ರಯ್ಯ ಬೆನ್ನು ನೆಟ್ಟಗೆ ಮಾಡಿದ. ಮೊಣಕೈವರೆಗೂ ಸುಣ್ಣ. "ಕ್ರೇನ್ ಬ್ಯಾಡ ಮಾರಾಯ," ಎಂದ. ಆಮೇಲೆ, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ, "ಇವ್ಳು ಮಾಡಿದ್ದಲ್ಲ ಇದು. ನಾನು ಮಾಡಿದ್ದು."

ಕತ್ತಿಯನ್ನು ಹಿಡಿಯ ಕಡೆಯಿಂದ ಅವಳಿಗೆ ಚಾಚಿದ. "ತಗಾ. ಈ ಸಲ ನೀನು ನೋಡು."

ಅವಳು ಅದ್ದಿದಳು. ಅಜ್ಜಿ ಕಥೆಯ ನಡುವೆ ಉಸಿರು ಹಿಡಿದು ನಿಲ್ಲಿಸುತ್ತಿದ್ದಷ್ಟು ಹೊತ್ತು ಬಿಟ್ಟು, ಎತ್ತಿದಳು. ನೀರು ಜಾರಿ ಹೋಯಿತು. ಅಲಗು ನೀರಿಗಿಳಿದ ಹಾಗೇ ಬೆಳ್ಳಗೆ ಹೊರಬಂದಿತ್ತು. ಅದರೊಳಗೆ ಇಳಿಬಿಸಿಲಿನ ಒಂದು ಗೆರೆ, ಆ ಗೆರೆಯ ಪಕ್ಕ ಸುಣ್ಣ ಮೆತ್ತಿದ ಅಪ್ಪಯ್ಯನ ಮೀಸೆ.