ಮೊದಲ ಸೌಟು

ಅತ್ತಿಗೆ ಶಾಲೆಯಿಂದ ನೇರವಾಗಿ ಬಂದಿದ್ದರು. ಕುತ್ತಿಗೆಯಲ್ಲಿ ಸೀಟಿ ಇನ್ನೂ ತೂಗುತ್ತಿತ್ತು. ಅವರು ನನ್ನ ಗಂಡನ ಅಕ್ಕ, ಆಟ ಕಲಿಸುವ ಟೀಚರು. ಮುನ್ನೂರು ಮಕ್ಕಳನ್ನು ಒಂದು ಸೀಟಿಗೆ ಸಾಲು ನಿಲ್ಲಿಸಿ ಅಭ್ಯಾಸ. ತಮ್ಮ ತಾಯಿಯನ್ನೂ ಹಾಗೇ ನಿಲ್ಲಿಸಬಹುದು ಎಂದು ಪ್ರತಿ ಸಲ ಬರುತ್ತಾರೆ, ಪ್ರತಿ ಸಲ ಸೋತು ಹೋಗುತ್ತಾರೆ.

"ಅಮ್ಮ, ಇವತ್ತು ಒಂದು ತೀರ್ಮಾನ ಆಗ್ಲೇಬೇಕು," ಎಂದು ಫೋನು ಹಿಡಿದುಕೊಂಡು ಕೂತರು. "ಓದ್ತೀನಿ, ಕೇಳು. ಸೋಯಾ ತಿಂದ್ರೆ ಥೈರಾಯ್ಡ್ ಕೆಡುತ್ತೆ. ಸೋಯಾ ತಿಂದ್ರೆ ಮೂಳೆ ಸವೆಯುತ್ತೆ. ಗಂಡಸರು ತಿಂದ್ರೆ ಗಂಡಸುತನಾನೇ ಹೋಗುತ್ತೆ."

ಅತ್ತೆ ತೋಫುವಿನ, ಅಂದರೆ ಸೋಯಾ ಹಾಲಿನ ಪನೀರಿನ, ಹಲಗೆಯಿಂದ ತಲೆ ಎತ್ತಲಿಲ್ಲ. ಚಾಕು ನೆಟ್ಟಗೆ ಇಳಿಯಿತು, ಬಿಳಿ ಗಟ್ಟಿ ಎರಡಾಯಿತು. "ನಿನ್ನ ತಮ್ಮ ಚಿಕ್ಕಂದಿನಿಂದ ನಮ್ಮ ಸೋಯಾ ಹಾಲು ಕುಡ್ಕೊಂಡೇ ಬೆಳೆದವನು. ಅವನ ಮೀಸೆ ನೋಡ್ಕೊಂಡು ಬಾ, ಹೋಗು."

ನನ್ನ ಗಂಡ ಬಸ್ಸು ಓಡಿಸುವವರು. ಪಾಳಿ ಮುಗಿಸಿ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. ಮೀಸೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಒಳಗೆ ಹೋದರು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ," ಎಂದರು ಅತ್ತೆ. "ಯಾರೋ ಕಳಿಸ್ತಾರೆ, ನೀನು ನಂಬ್ತೀಯ."

"ಹಾಗಾದ್ರೆ ಇದು ಯಾರು ಕಳಿಸಿದ್ದು?" ಅತ್ತಿಗೆ ತಾಯಿಯ ಕೈ ಹಿಡಿದು ಎತ್ತಿ ತೋರಿಸಿದರು. ಬೆರಳು ಊದಿ ಉಂಗುರ ಮಾಂಸದೊಳಗೆ ಹೂತಿತ್ತು.

ಅತ್ತೆಯ ಕಾರ್ಖಾನೆ ನಮ್ಮ ಮನೆಯ ಕೆಳಗಿನ ಎರಡು ಕೋಣೆಗಳು. ಒಂದರಲ್ಲಿ ನೆನೆದ ಸೋಯಾ ಕಾಳಿನ ಡ್ರಮ್ಮುಗಳು, ಅರೆಯುವ ಯಂತ್ರ. ಇನ್ನೊಂದರಲ್ಲಿ ಒಲೆಗಳು, ಸೋಸುವ ಬಟ್ಟೆ, ಹಾಲು ಒಡೆಸಿ ಗಟ್ಟಿಮಾಡುವ ಮರದ ಪೆಟ್ಟಿಗೆಗಳು. ದಿನಕ್ಕೆ ಏಳು ಕೊಪ್ಪರಿಗೆ ಹಾಲು, ಮೂವತ್ತೊಂದು ವರ್ಷದಿಂದ. ಎರಡು ವರ್ಷದ ಹಿಂದೆ ಅವರ ಗಂಟಲಿನ ಥೈರಾಯ್ಡ್ ಗ್ರಂಥಿ ಸೋತಿತು. ದಿನಕ್ಕೊಂದು ಮಾತ್ರೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಅದು ಸರಿಯಾಗಿ ಕೆಲಸಮಾಡುತ್ತಿದೆಯೇ ಎಂದು ನೋಡಲು ರಕ್ತದಲ್ಲಿ ಒಂದು ಸಂಖ್ಯೆ ಅಳೆಯುತ್ತಾರೆ. ಆ ಸಂಖ್ಯೆ ಗ್ರಂಥಿಯ ಮೇಲೆ ತಲೆಯೊಳಗಿನ ಮೇಲಧಿಕಾರಿ ಹಾಕುವ ಕೂಗು ಎಂದುಕೊಳ್ಳಿ: ದೇಹಕ್ಕೆ ಹಾರ್ಮೋನು ಕಡಿಮೆಯಾದಷ್ಟೂ ಕೂಗು ಜೋರು. ನಾಲ್ಕೂವರೆಯೊಳಗೆ ಇರಬೇಕು. ಅತ್ತೆಯದು ಹನ್ನೊಂದು ಇತ್ತು. ಡಾಕ್ಟರು ಮಾತ್ರೆಯನ್ನು ಮೂರು ಸಲ ಏರಿಸಿದರು. ಸಂಖ್ಯೆ ಹದಿನಾಲ್ಕಾಯಿತು.

ಒಲೆಗಳ ನಡುವೆ ನಿಂತು ಸ್ವೆಟರ್ ಹಾಕಿಕೊಳ್ಳುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ಕಾಳಿನ ಮೂಟೆಗೆ ಒರಗಿದಲ್ಲೇ ನಿದ್ದೆ ಹೋಗುತ್ತಿದ್ದರು. ಬಾಚಣಿಗೆ ತುಂಬ ಕೂದಲು.

"ಎಂಟು ವಾರಕ್ಕೆ ಮುಂದಿನ ರಕ್ತಪರೀಕ್ಷೆ," ಎಂದರು ಅತ್ತಿಗೆ. "ಅಷ್ಟರಲ್ಲಿ ಸಂಖ್ಯೆ ಇಳೀದಿದ್ರೆ ಯಂತ್ರ ಮಾರೋದು. ತಗೊಳ್ಳೋರ ಹತ್ರ ಮಾತಾಡಿ ಆಗಿದೆ. ಈ ವಿಷದ ಹೊಗೇಲಿ ನಿನ್ನ ಕಳ್ಕೊಳ್ಳೋಕೆ ನಾನು ತಯಾರಿಲ್ಲ."

ಅತ್ತೆ ಚಾಕು ಒರೆಸಿಟ್ಟರು. "ಆಯ್ತು. ಇಳೀದಿದ್ರೆ ನೀನು ಹೇಳಿದ ಹಾಗೆ."

ಅತ್ತೆ ಕೊಟ್ಟ ಮಾತಿಗೆ ತಪ್ಪಿದ್ದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ.

ನಾನು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಮಾಡುತ್ತೇನೆ. ಅಲ್ಲಿ ಕಲಿತ ಒಂದು ಬುದ್ಧಿ ಎಂದರೆ, ನಲ್ಲಿಯನ್ನು ಬೈಯುವ ಮೊದಲು ಪೈಪು ಹಿಡಿದು ಹಿಂದಕ್ಕೆ ನಡೆಯಬೇಕು. ಆ ಸಂಜೆಯೇ ಒಂದು ನೋಟ್‌ಬುಕ್ ತೆರೆದೆ. ಅತ್ತೆ ಎಷ್ಟು ಗಂಟೆಗೆ ಏನು ತಿಂದರು, ಏನು ಕುಡಿದರು, ಎಲ್ಲ ಅದರಲ್ಲಿ. ಸೋಯಾದ ಬಗ್ಗೆ ಸಿಕ್ಕಿದ ಲೇಖನಗಳನ್ನೂ ಓದಿದೆ. ಅತ್ತಿಗೆಯ ಫೋನಿನಲ್ಲಿದ್ದ ವಿಷ ಅಲ್ಲಿರಲಿಲ್ಲ. ನಮ್ಮ ಗಿರಾಕಿಗಳು ಹೇಳುವ ಅಮೃತವೂ ಇರಲಿಲ್ಲ. ಸಾಮಾನ್ಯ ಆರೋಗ್ಯದವರಿಗೆ ಒಳ್ಳೆಯ ಪ್ರೋಟೀನು, ಅಷ್ಟೇ. ಒಂದು ಕಡೆ ಮಾತ್ರ, ಥೈರಾಯ್ಡ್ ಮಾತ್ರೆಯ ಜೊತೆಜೊತೆಗೇ ಸೋಯಾ ತೆಗೆದುಕೊಂಡರೆ ಮಾತ್ರೆ ಕರುಳಿನಿಂದ ಸರಿಯಾಗಿ ರಕ್ತಕ್ಕೆ ಸೇರದೆ ಹೋಗಬಹುದು ಎಂದಿತ್ತು. ಅದರ ಕೆಳಗೆ ಗೆರೆ ಎಳೆದೆ, ಆಮೇಲೆ ನೋಟ್‌ಬುಕ್ ನೋಡಿದೆ. ಬೆಳಗ್ಗೆ ಏಳರವರೆಗಿನ ಸಾಲಿನಲ್ಲಿ ದಿನವೂ ಒಂದೇ ಮಾತು, ಅತ್ತೆಯೇ ಹೇಳಿ ಬರೆಸಿದ್ದು: "ಮಾತ್ರೆ. ಬೇರೆ ಏನೂ ಇಲ್ಲ." ಆ ಲೇಖನವನ್ನು ಪಕ್ಕಕ್ಕಿಟ್ಟೆ.

ಹದಿಮೂರನೆಯ ದಿನ ನಮ್ಮ ಲ್ಯಾಬಿನಲ್ಲಿ ವೈರಿಂಗ್ ಬದಲಾಯಿಸುತ್ತಿದ್ದರು, ರಜೆ. ಕೆಳಗೆ ಒಂದು ಕೈ ಸಹಾಯ ಮಾಡೋಣವೆಂದು ಐದು ಗಂಟೆಗೆ ಇಳಿದೆ. ಕೋಣೆ ತುಂಬ ಹಬೆ. ಮೊದಲ ಕೊಪ್ಪರಿಗೆ ಕುದಿಯುತ್ತಿತ್ತು. ಅತ್ತೆ ಬಲಗೈಯಲ್ಲಿ ಸೌಟು ಅದ್ದಿ, ಊದಿ, ಬಾಯಿಗಿಟ್ಟರು. ಎಡಗೈ ಸೊಂಟದ ಚೀಲಕ್ಕೆ ಹೋಯಿತು, ಮಾತ್ರೆಯೊಂದು ನಾಲಿಗೆಯ ಮೇಲೆ ಬಿತ್ತು, ಸೌಟಿನಲ್ಲಿ ಉಳಿದ ಹಾಲು ಅದರ ಹಿಂದೆ ಇಳಿಯಿತು. ಒಂದೇ ಗುಕ್ಕು. ಆಮೇಲೆ ಒಲೆಯ ಉರಿ ಆರಿಸಿ, "ಆಯ್ತು, ಇದನ್ನ ಸೋಸು," ಎಂದರು.

ನಾನು ಸೋಸಲಿಲ್ಲ. "ಅತ್ತೆ, ಈಗ ಏನು ತಗೊಂಡ್ರಿ?"

"ಮಾತ್ರೆ."

"ಅದರ ಜೊತೆ?"

"ಏನೂ ಇಲ್ಲ. ಖಾಲಿ ಹೊಟ್ಟೆ."

"ಸೌಟಲ್ಲಿದ್ದದ್ದು?"

ಅತ್ತೆ ನನ್ನನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದರು. "ಅದು ರುಚಿ ನೋಡಿದ್ದು ಕಣೇ. ಕುಡಿದಿದ್ದಲ್ಲ. ಹಾಲು ಬೆಂದಿದೆಯೋ ಇಲ್ವೋ ಅಂತ ನಾಲಿಗೆ ಹೇಳ್ಬೇಕಲ್ಲ. ಅದು ನಾಲಿಗೆಗೆ, ಹೊಟ್ಟೆಗಲ್ಲ."

"ದಿನಕ್ಕೆ ಎಷ್ಟು ಸಲ ನೋಡ್ತೀರಿ?"

"ಕೊಪ್ಪರಿಗೆಗೊಂದು ಸೌಟು."

ಏಳು ಸೌಟು. ಗೋಡೆಯ ಮೊಳೆಯಲ್ಲಿದ್ದ ಅಳತೆಯ ಲೋಟ ತೆಗೆದು ಆ ಸೌಟನ್ನು ಏಳು ಸಲ ಸುರಿದೆ. ಮುಕ್ಕಾಲು ಲೀಟರು. ಎರಡು ವರ್ಷದಿಂದ ಅತ್ತೆ ಡಾಕ್ಟರಿಗೆ ಒಂದೇ ಒಂದು ಸುಳ್ಳೂ ಹೇಳದೆ, ದಿನವೂ ಮಾತ್ರೆಯನ್ನು ಮುಕ್ಕಾಲು ಲೀಟರ್ ಸೋಯಾ ಹಾಲಿನಲ್ಲಿ ಮುಳುಗಿಸುತ್ತಿದ್ದರು. ನಾನು ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಹುಡುಕಿದ್ದೆ.

ಅವತ್ತೇ ಡಾಕ್ಟರ ಹತ್ತಿರ ಹೋದೆವು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಸೌಟಿನ ಕತೆ ಕೇಳಿ ಪೆನ್ನು ಕೆಳಗಿಟ್ಟರು. "ಖಾಲಿ ಹೊಟ್ಟೆ ಅಲ್ವಾ ಅಂತ ಪ್ರತಿ ಸಲ ಕೇಳಿದೀನಿ. ನಿಮ್ಮ ಕೆಲಸ ಏನು ಅಂತ ಒಂದ್ಸಲಾನೂ ಕೇಳ್ಲಿಲ್ಲ. ತಪ್ಪು ನಂದೂ ಇದೆ," ಎಂದರು. ಮಾತ್ರೆಯ ಪ್ರಮಾಣ ಮುಟ್ಟುವುದು ಬೇಡ. ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ, ಅಲ್ಲಿಂದ ನಾಲ್ಕು ಗಂಟೆ ಸೋಯಾ ಬಾಯಿಗೆ ತಾಗಬಾರದು. "ಬದಲಾವಣೆ ರಕ್ತದಲ್ಲಿ ಕಾಣೋಕೆ ಆರು ವಾರವಾದ್ರೂ ಬೇಕು."

ಅತ್ತಿಗೆಯ ಗಡುವಿಗೆ ಉಳಿದಿದ್ದದ್ದು ನಲವತ್ತಮೂರು ದಿನ. ಆರು ವಾರಕ್ಕಿಂತ ಒಂದೇ ದಿನ ಹೆಚ್ಚು.

ದಾರಿಯಲ್ಲಿ ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದರು. ನಾಲ್ಕೂವರೆಗೆ ಮಾತ್ರೆ ನುಂಗಿದರೆ ಎಂಟೂವರೆಯವರೆಗೆ ಬಾಯಿ ಕಟ್ಟು. ಅಷ್ಟರಲ್ಲಿ ಏಳೂ ಕೊಪ್ಪರಿಗೆ ಮುಗಿದಿರುತ್ತವೆ.

"ಮಾತ್ರೇನ ರಾತ್ರಿ ತಗೋಬಹುದಾ ಅಂತ ಡಾಕ್ಟರನ್ನ ಕೇಳೋಣ್ವಾ?" ಎಂದೆ.

"ತಲೆ ದಿಂಬಿಗೆ ತಾಗಿದ್ರೆ ನನಗೆ ಕೈಕಾಲಿದೆ ಅನ್ನೋದೇ ನೆನಪಿರಲ್ಲ. ಮಾತ್ರೆ ಎಲ್ಲಿಂದ ನೆನಪಿರುತ್ತೆ?"

"ರುಚಿ ನೋಡಿ ಉಗುಳಿಬಿಡಿ."

"ನಾನು ಕಾಯಿಸಿದ್ದನ್ನ ನಾನೇ ಉಗುಳೋದಾ? ಆಮೇಲೆ ಊರಿಗೆ ಕುಡಿಸೋದಾ?" ಅತ್ತೆ ನಿಂತರು. ನನ್ನ ಮುಖವನ್ನು ಕಾಳು ಆರಿಸುವವರಂತೆ ನೋಡಿದರು. "ನಿನ್ನ ನಾಲಿಗೆ ತೋರ್ಸು."

ರಸಾಯನಶಾಸ್ತ್ರದ ಮೊದಲ ದಿನವೇ ನಮಗೆ ಕಲಿಸಿದ ನಿಯಮ, ಲ್ಯಾಬಿನಲ್ಲಿ ಯಾವುದನ್ನೂ ನಾಲಿಗೆಗೆ ಮುಟ್ಟಿಸಬಾರದು ಎಂದು. ಹದಿನೈದು ವರ್ಷ ಪಾಲಿಸಿದ್ದೆ. ಬೀದಿಯ ನಡುವೆ ಅತ್ತೆಗೆ ನಾಲಿಗೆ ಚಾಚಿ ತೋರಿಸಿದೆ.

"ಪರವಾಗಿಲ್ಲ. ಪಳಗಿಸಬಹುದು," ಎಂದರು.

ಅಂದಿನಿಂದ ನಾಲ್ಕೂವರೆಗೆ ಏಳುವುದು ನನ್ನ ಪಾಲಿಗೂ ಬಂತು. ಲ್ಯಾಬಿಗೆ ಹೊರಡುವ ಮೊದಲು ಏಳು ಸೌಟು. ಸೋಯಾ ಹಾಲು ಮೊದಲ ಸಲ ಸುಳ್ಳೇ ಉಕ್ಕುತ್ತದೆ. ನೊರೆ ಬಾಯಿಯವರೆಗೆ ಬಂದು ಆಯಿತೆಂಬ ಭ್ರಮೆ ಹುಟ್ಟಿಸುತ್ತದೆ, ಒಳಗೆ ಕಾಳು ಇನ್ನೂ ಹಸಿ. ಆ ಹಸಿತನ ಹೋಗದಿದ್ದರೆ ಹೊಟ್ಟೆ ಕೆಡುತ್ತದೆ. ಮೂರನೆಯ ದಿನ ನಾನು ಆ ನೊರೆಗೆ ಮೋಸಹೋಗಿ "ಆಯ್ತು" ಎಂದೆ. ಸೋಸುವ ಬಟ್ಟೆಯ ಬಳಿ ಅತ್ತೆ ಮೂಗು ಸುಕ್ಕಿಸಿದರು.

"ಲ್ಯಾಬಮ್ಮ, ಇದು ಇನ್ನೂ ಹೊಲದಲ್ಲೇ ಇದೆ. ವಾಪಸ್ ಒಲೆಗೆ."

"ಥರ್ಮಾಮೀಟರ್ ತರ್ಲಾ?"

"ತಾ. ಅದಕ್ಕೂ ನಾಲಿಗೆ ಇದ್ರೆ."

ತಂದೆ. ಥರ್ಮಾಮೀಟರು ಉಷ್ಣತೆ ಹೇಳಿತು, ಹಸಿತನ ಹೇಳಲಿಲ್ಲ. ಅತ್ತೆ ಹೇಳಿಕೊಟ್ಟರು: ನುಂಗಿದ ಮೇಲೆ ಹತ್ತು ಎಣಿಸು, ಗಂಟಲ ಹಿಂದೆ ಕೆರೆತ ಉಳಿದರೆ ಹಸಿ; ಏನೂ ಉಳಿಯದೆ ಒಂದು ಸಣ್ಣ ಸಿಹಿ ಬಂದರೆ ಆಯಿತು. ನೋಟ್‌ಬುಕ್ಕಿನಲ್ಲಿ ಎರಡು ಹೊಸ ಕಾಲಂ ಎಳೆದೆ: ನನ್ನ ನಾಲಿಗೆ, ಅತ್ತೆಯ ಮೂಗು. ಎರಡನೆಯ ವಾರ ಏಳರಲ್ಲಿ ನಾಲ್ಕು ಸಲ ಹೊಂದುತ್ತಿತ್ತು. ನಾಲ್ಕನೆಯ ವಾರ ಆರು. ಐದನೆಯ ವಾರ ಅತ್ತೆ ಸ್ವೆಟರು ಬಿಚ್ಚಿ ಮೊಳೆಗೆ ನೇತುಹಾಕಿದರು, ಮತ್ತೆ ತೆಗೆದುಕೊಳ್ಳಲೇ ಇಲ್ಲ. ನಾನು ದಿನಾಂಕ ಬರೆದುಕೊಂಡೆ, ಬಾಯಿ ಬಿಡಲಿಲ್ಲ. ಅವರು ಮೂಟೆಗೆ ಒರಗದೆ ಮೂಟೆಯನ್ನೇ ಎತ್ತಿದ ದಿನವೂ ಬಾಯಿ ಬಿಡಲಿಲ್ಲ.

ಕೊನೆಯ ದಿನ ರಿಪೋರ್ಟನ್ನು ಅತ್ತಿಗೆಯೇ ಶಾಲೆಯಿಂದ ಬರುವಾಗ ತಂದರು. ನಾವು ಪೆಟ್ಟಿಗೆಗಳನ್ನು ತೊಳೆಯುತ್ತಿದ್ದೆವು. ಅವರ ಮುಖ ಬಾಡಿತ್ತು. ಕಾಗದವನ್ನು ಹಲಗೆಯ ಮೇಲಿಟ್ಟರು.

"ಮತ್ತೆ ನಕ್ಷತ್ರ ಹಾಕಿದಾರೆ ಅಮ್ಮ."

ಸಂಖ್ಯೆ ಸರಿಯಿಲ್ಲದಿದ್ದರೆ ಪಕ್ಕದಲ್ಲಿ ಒಂದು ನಕ್ಷತ್ರ ಬೀಳುತ್ತದೆ. ಎರಡು ವರ್ಷದಿಂದ ಪ್ರತಿ ರಿಪೋರ್ಟಿನಲ್ಲೂ ಬಿದ್ದಿತ್ತು, ಈ ಸಲವೂ ಇತ್ತು. ಅತ್ತೆ ಕೈ ಒರೆಸಿಕೊಂಡು ಸೊಂಟದಿಂದ ಕಾರ್ಖಾನೆಯ ಬೀಗದ ಕೈ ಬಿಚ್ಚಿ ಮಗಳ ಮುಂದಿಟ್ಟರು. "ತಗೋ. ಮಾತು ಮಾತೇ."

ಅತ್ತಿಗೆ ಅದನ್ನು ಮುಟ್ಟಲಿಲ್ಲ. ಗೆದ್ದವರ ಮುಖವಾಗಿರಲಿಲ್ಲ ಅದು.

ನಾನು ಕಾಗದ ಎತ್ತಿಕೊಂಡೆ. ನಕ್ಷತ್ರದ ಪಕ್ಕದ ಸಂಖ್ಯೆ ಓದಿದೆ. ನಂಬಿಕೆ ಬರದೆ ಹೆಸರು, ವಯಸ್ಸು, ದಿನಾಂಕ ಎಲ್ಲ ಮೇಲಿಂದ ಇನ್ನೊಮ್ಮೆ ಓದಿದೆ.

"ಅತ್ತಿಗೆ, ನೀವು ನಕ್ಷತ್ರ ಮಾತ್ರ ನೋಡಿದ್ರಾ?"

"ಇನ್ನೇನು ನೋಡ್ಬೇಕು?"

"ಎಷ್ಟು ಅಂತ ಓದಿ. ಗಟ್ಟಿಯಾಗಿ."

"ಸೊನ್ನೆ ದಶಾಂಶ ಎರಡು." ಅವರು ಕಾಗದವನ್ನು ಕಣ್ಣಿಗೆ ಹತ್ತಿರ ತಂದರು. "ಹದಿನಾಲ್ಕಿತ್ತಲ್ವಾ?"

"ಸೊನ್ನೆ ದಶಾಂಶ ನಾಲ್ಕಕ್ಕಿಂತ ಕಮ್ಮಿ ಆದ್ರೂ ನಕ್ಷತ್ರ ಹಾಕ್ತಾರೆ. ಇದು ಹೆಚ್ಚಾಗಿದ್ದಕ್ಕಲ್ಲ, ಕಮ್ಮಿಯಾಗಿದ್ದಕ್ಕೆ. ಕೂಗೇ ನಿಂತುಹೋಗಿದೆ. ಇಷ್ಟು ದಿನ ಕರುಳಲ್ಲೇ ಸೋರಿಹೋಗ್ತಿದ್ದ ಮಾತ್ರೆ ಈಗ ಪೂರ್ತಿ ಸೇರ್ತಿದೆ. ಎಷ್ಟು ಸೇರ್ತಿದೆ ಅಂದ್ರೆ, ಜಾಸ್ತಿಯೇ ಆಗಿದೆ."

ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟೆ. ಅವರು ಸಂಖ್ಯೆಯನ್ನು ಎರಡು ಸಲ ಹೇಳಿಸಿಕೊಂಡರು. "ನೂರಿಪ್ಪತ್ತೈದು ಮೈಕ್ರೋಗ್ರಾಮಿನ ಮಾತ್ರೆ ನಾಳೆಯಿಂದ ಬೇಡ. ಎಪ್ಪತ್ತೈದು ಸಾಕು. ಆರು ವಾರ ಬಿಟ್ಟು ಇನ್ನೊಂದ್ಸಲ ನೋಡೋಣ. ಮತ್ತೆ ಅಜ್ಜಿಗೆ ಹೇಳಿ, ಸೋಯಾ ಬಿಡೋದೇನೂ ಬೇಡ. ಸಮಯ ಪಾಲಿಸಿದ್ರೆ ಸಾಕು."

ಎರಡು ವರ್ಷದಲ್ಲಿ ಮೊದಲ ಸಲ ಮಾತ್ರೆಯ ಪ್ರಮಾಣ ಇಳಿಯಿತು.

"ಅಜ್ಜಿಯಂತೆ," ಎಂದರು ಅತ್ತೆ. ಬೆರಳಿನ ಉಂಗುರವನ್ನು ಹಿಡಿದು ತಿರುಗಿಸಿದರು. ಅದು ಸಲೀಸಾಗಿ ಒಂದು ಸುತ್ತು ಬಂತು.

ಅತ್ತಿಗೆ ಅದನ್ನು ನೋಡಿದರು. ಬೀಗದ ಕೈಯನ್ನು ತಾಯಿಯ ಕಡೆ ತಳ್ಳಿ, ಬೆನ್ನು ತಿರುಗಿಸಿ ನಿಂತು, ಕುತ್ತಿಗೆಯ ಸೀಟಿಯನ್ನು ಬಾಯಿಗಿಟ್ಟು ಊದಿದರು. ಎರಡು ಕೋಣೆಯ ಪಾತ್ರೆಗಳೆಲ್ಲ ಗುಂಯ್‌ಗುಟ್ಟಿದವು. ಮೇಲಿನಿಂದ ನನ್ನ ಗಂಡ ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡೇ ಇಳಿದು ಬಂದರು.

"ಯಾರಿಗೆ ಏನಾಯ್ತು?"

"ನಿಮ್ಮಕ್ಕ ಔಟಾದ್ಲು," ಎಂದರು ಅತ್ತೆ. ಒಂದು ಲೋಟ ತುಂಬ ಹಾಲು ಬಗ್ಗಿಸಿ ಮಗಳ ಕೈಗಿಟ್ಟರು. ಅತ್ತಿಗೆ ಒಂದು ಗುಟುಕು ಕುಡಿದು, ಮುಂಗೈಯಿಂದ ಕಣ್ಣೊರೆಸಿಕೊಂಡು, "ಸಕ್ಕರೆ ಹಾಕಿಲ್ಲ," ಎಂದರು.

"ಬೇಕಾದ್ರೆ ಹಾಕ್ಕೋ. ಅದರ ಬಗ್ಗೇನೂ ನಿನ್ನ ಫೋನಲ್ಲಿ ಏನಾದ್ರೂ ಇರುತ್ತೆ, ಓದ್ಕೊಂಡು ಹಾಕ್ಕೋ."

ಮರುದಿನ ಬೆಳಗ್ಗೆ ನಾಲ್ಕೂವರೆಗೆ ಅತ್ತೆ ಹೊಸ ಮಾತ್ರೆಯನ್ನು ನೀರಿನಲ್ಲಿ ನುಂಗಿದರು. ಮೊದಲ ಕೊಪ್ಪರಿಗೆ ಉಕ್ಕಿ ನೊರೆ ಮೇಲೇರಿತು. ಅವರ ಕೈ ಒಲೆಯ ತಿರುಪಿನ ಮೇಲಿತ್ತು. ಆ ಕೈ ಉರಿ ಆರಿಸಲು ಹೊರಟಾಗ ಮೂವತ್ತೊಂದು ವರ್ಷದಲ್ಲಿ ಯಾರೂ ತಡೆದಿರಲಿಲ್ಲ. ನಾನು ಸೌಟು ಅದ್ದಿದೆ, ಊದಿದೆ, ನುಂಗಿದೆ. ಹತ್ತು ಎಣಿಸಿದೆ.

"ಇನ್ನೂ ಎರಡು ನಿಮಿಷ," ಎಂದೆ.

ಅತ್ತೆ ಹಬೆಗೆ ಮೂಗೊಡ್ಡಿದರು. ತಿರುಪಿನ ಮೇಲಿಂದ ಕೈ ತೆಗೆದರು.