ಸಾಕಮ್ಮನ ಬಾವಿಗಿಳಿದ ಕೊಳವೆ

ನಾನು ಒಂದು ಪ್ಲಾಸ್ಟಿಕ್ ಕೊಳವೆ. ಎರಡು ಮೊಳ ಉದ್ದ, ಒಳಗಿರುವುದು ಹೊರಗೆ ಕಾಣುವ ಮೈ, ತಳದಲ್ಲಿ ಒಂದು ಗೋಲಿ. ಹಗ್ಗ ಕಟ್ಟಿ ಬಾವಿಗೆ ಬಿಟ್ಟರೆ ಗೋಲಿ ಮೇಲೆದ್ದು ನೀರು ಒಳಗೆ ಬರುತ್ತದೆ; ಎಳೆದರೆ ಗೋಲಿ ಕೂತು ನೀರು ನಿಲ್ಲುತ್ತದೆ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಒಬ್ಬಳು ನನ್ನನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು. ನನ್ನ ಮೇಲೆ ಆಕೆಗೆ ನಂಬಿಕೆ ಇರಲಿಲ್ಲ. ಅಂದಿನಿಂದ ನಾನೂ ಯಾರನ್ನೂ ನಂಬಲಿಲ್ಲ.

ನನ್ನ ಮೊದಲ ಯಜಮಾನರು ವಾಸುದೇವಯ್ಯ, ನೀರು ಪರೀಕ್ಷೆ ಮಾಡುವವರು. ಅರಸೀಕೆರೆಯ ಒಂದು ಪೆಟ್ರೋಲ್ ಬಂಕಿನಲ್ಲಿ ನೆಲದೊಳಗಿನ ಟ್ಯಾಂಕು ಸೋರಿತ್ತು. ಪೆಟ್ರೋಲು ಎಲ್ಲಿಯವರೆಗೆ ಹರಿದಿದೆ ಎಂದು ತಿಳಿಯಲು ಬಂಕಿನ ಅಂಗಳದಲ್ಲಿ ಮೂರು ಕಡೆ ಬೋರು ಕೊರೆಸಿದ್ದರು. ಕಾಂಪೌಂಡಿನ ಆಚೆ ಸಾಕಮ್ಮನ ಇಡ್ಲಿ ಹೋಟೆಲು, ಹಿತ್ತಲಲ್ಲಿ ಅವಳ ಸೇದುವ ಬಾವಿ. ಆ ನೀರು ಕೆಟ್ಟಿದೆ ಎಂದಾದರೆ ಬಾವಿಗೆ ಚಪ್ಪಡಿ, ಹೋಟೆಲಿಗೆ ಬೀಗ.

ಮೂರು ತಿಂಗಳಿಗೊಮ್ಮೆ ಮಂಗಳವಾರ ಬೆಳಿಗ್ಗೆ ನಮ್ಮ ಸರದಿ. ಮಂಗಳವಾರ ಸಾಕಮ್ಮ ಗಂಗೆಪೂಜೆ ಮಾಡಿ ಮೊದಲ ಕೊಡ ಸೇದುವ ತನಕ ಬಾವಿಗೆ ಬೇರೆಯವರು ಹಗ್ಗ ಇಳಿಸುವಂತಿಲ್ಲ. ವಾಸುದೇವಯ್ಯ ಬೆಂಚಿನ ಮೇಲೆ ಕೂತು ಇಡ್ಲಿ ತಿಂದು ಕಾಯುತ್ತಿದ್ದರು. ಸಾಕಮ್ಮನ ಬಾವಿ ಆದ ಮೇಲೆಯೇ ಬಂಕಿನ ಬೋರುಗಳು. ಕೊನೆಗೆ ನನ್ನನ್ನು ಸೋಪಿನ ನೀರಲ್ಲಿ ಮೂರು ಸಲ ತಿಕ್ಕಿ ತೊಳೆಯುತ್ತಿದ್ದರು. ಇಷ್ಟು ತೊಳೆಯುವ ಮನುಷ್ಯ ಏನನ್ನೋ ಮುಚ್ಚಿಡುತ್ತಿರಬೇಕು ಎಂದು ನನಗೆ ಗುಮಾನಿ.

ಅವರು ನಿವೃತ್ತರಾದರು, ನಾನು ಓಂಕಾರಮೂರ್ತಿಯ ಕೈಗೆ ಬಂದೆ. ಗಡಿಬಿಡಿಯ ಆಸಾಮಿ. "ನಿಮ್ಮ ಪೂಜೆ ಆಗ್ಲಿ ಬಿಡಮ್ಮ, ಅಷ್ಟರಲ್ಲಿ ಬಂಕಿಂದು ಮುಗಿಸ್ಕೊಂಡು ಬರ್ತೀನಿ" ಎಂದು ಹೊರಟ. ಬೋರಿನಲ್ಲಿ ನೀರಿನ ಮೇಲೆ ಬೆರಳಗಲ ಪೆಟ್ರೋಲು ತೇಲುತ್ತಿತ್ತು. ಅಲ್ಲಿಂದ ಬಂದವನು ನನ್ನನ್ನು ಎರಡು ಸಲ ಜಾಡಿಸಿ ಸಾಕಮ್ಮನ ಬಾವಿಗೆ ಇಳಿಸಿದ. ನನ್ನ ಗಮನವೆಲ್ಲ ಬಂಕಿನ ಮ್ಯಾನೇಜರ್ ಷಡಕ್ಷರಿಯ ಮೇಲಿತ್ತು. ಕಾಂಪೌಂಡಿನ ಮೇಲಿಂದ ಅವನು ಯಾಕೆ ಇಣುಕುತ್ತಿದ್ದ?

ಸಾಕಮ್ಮನ ಬಾವಿಯಲ್ಲಿ ಪೆಟ್ರೋಲು ಇದೆ ಎಂದು ವರದಿ ಬಂತು. ಇನ್ನೊಂದು ಸಲವೂ ಹಾಗೇ ಬಂದರೆ ಬಾವಿ ಮುಚ್ಚಬೇಕು ಎಂದು ಆದೇಶವಾಯಿತು. ಸುರಿದವನು ಷಡಕ್ಷರಿಯೇ, ನನಗೆ ಅನುಮಾನವೇ ಉಳಿಯಲಿಲ್ಲ.

ಎರಡನೇ ಪರೀಕ್ಷೆಯ ಮಂಗಳವಾರ ನಾವು ಹೋಗುವಷ್ಟರಲ್ಲಿ ಸಾಕಮ್ಮ ಪೂಜೆ ಬಿಟ್ಟು ಬಂಕಿನಲ್ಲಿ ಷಡಕ್ಷರಿಯ ಎದುರು ನಿಂತಿದ್ದಳು.

"ನನ್ ಬಾವಿಗೆ ಏನ್ ಹುಯ್ದೆ ಹೇಳು."

"ನಿನ್ ಕೈಯ ಇಡ್ಲಿ ತಿಂದು ಬದುಕ್ತಿರೋನು ನಾನು. ನಿನ್ ಬಾವಿಗೆ ಹುಯ್ತೀನಾ ಸಾಕಕ್ಕ?" ಎಂದ ಷಡಕ್ಷರಿ. ಎಂಥ ನಾಟಕ ಅಂದುಕೊಂಡೆ.

ಸಾಕಮ್ಮ ಹಿಂತಿರುಗಿ ಪೂಜೆ ಮಾಡಿ, ಮೊದಲ ಕೊಡ ಸೇದಿ, ಬೊಗಸೆ ನೀರು ಕುಡಿದಳು. ಅಷ್ಟರಲ್ಲಿ ಓಂಕಾರಮೂರ್ತಿ ಬಂಕಿನ ಕೆಲಸ ಮುಗಿಸಿ ನನ್ನನ್ನು ಜಾಡಿಸುತ್ತ ಬಂದ.

"ತಡಿ. ಅದನ್ನ ಇತ್ಲಾಗ್ ಕೊಡು." ನನ್ನನ್ನು ಮೂಗಿಗೆ ಹಿಡಿದವಳು ಮುಖ ಕಿವುಚಿದಳು. "ಇನ್ನೂ ಬಾವಿಗೇ ಇಳಿದಿಲ್ಲ, ಆಗ್ಲೇ ಪೆಟ್ರೋಲ್ ನಾತ ಹೊಡೀತೈತಲ್ಲಪ್ಪ. ಆ ಹಳೇ ಸ್ವಾಮೇರು ನನ್ ಪೂಜೆ ಮುಗಿಯೋಗಂಟ ಕಾಯ್ತಿದ್ರು. ನೀನ್ಯಾಕೆ ಮೊದ್ಲು ಅಲ್ಲಿಗ್ ಹೋಗ್ತೀಯ?"

ಓಂಕಾರಮೂರ್ತಿ ಅವತ್ತು ಬಾವಿಗೆ ಹಗ್ಗ ಇಳಿಸದೆ ಹೊರಟ. ನನಗಂತೂ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು.

ಮುಂದಿನ ಮಂಗಳವಾರ ಅವನು ಹೊಸ ಕೊಳವೆ ತಂದ. ಬೆಂಚಿನ ಮೇಲೆ ಕೂತು ಕಾದ. ನೀರು ಚೆನ್ನಾಗಿದೆ ಎಂದು ವರದಿ ಬಂತು, ಬಾವಿ ಉಳಿಯಿತು. ಸಾಕಮ್ಮ ಷಡಕ್ಷರಿಯ ಬಳಿ ತಪ್ಪಾಯಿತು ಎನ್ನಲಿಲ್ಲ; ಅವನ ತಟ್ಟೆಗೆ ಎರಡು ಇಡ್ಲಿ ಹೆಚ್ಚಿಗೆ ಹಾಕಿದಳು.

ಓಂಕಾರಮೂರ್ತಿ ನನ್ನನ್ನು ತಿಪ್ಪೆಗೆ ಎಸೆಯಲು ಹೋದಾಗ ಅವಳು ತಡೆದಳು. "ಇಲ್ಲೇ ನೇತಾಕು. ನಾಳೆ ಇನ್ಯಾರೋ ಬಂದು ನನ್ ಬಾವಿ ಕೆಟ್ಟೈತೆ ಅಂದ್ರೆ, ಮೊದ್ಲು ಇದನ್ನ ಮೂಸಿ ನೋಡಿ ಅಂತೀನಿ."

ಈಗ ಬಾವಿಕಟ್ಟೆಯ ಪಕ್ಕದ ಗೋಡೆಗೆ ಮೊಳೆಯಲ್ಲಿ ತೂಗುತ್ತಿದ್ದೇನೆ. ಬಿಸಿಲಿಗೆ ಮೈ ಹಳದಿಯಾಗಿದೆ, ವಾಸನೆ ಪೂರಾ ಹೋಗಿಲ್ಲ. ಸಾಕಮ್ಮ ಮಂಗಳವಾರ ಮೊದಲ ಕೊಡ ಸೇದುವಾಗ ಹನಿ ನೀರು ನನ್ನ ಮೇಲೂ ಬೀಳುತ್ತದೆ. ಇಷ್ಟು ವರ್ಷ ಎಲ್ಲರ ಕೈ ನೋಡಿದೆ, ಎಲ್ಲರ ಮುಖ ನೋಡಿದೆ. ನನ್ನ ಮೈಯನ್ನು ಒಂದು ಸಲವೂ ಮೂಸಿ ನೋಡಿಕೊಳ್ಳಲಿಲ್ಲ.